ಹೊತ್ತಲ್ಲದ ಹೊತ್ತಿನ ಹಸಿವು: ಕ್ರೂಸ್ ಹಡಗಿನ ರಾತ್ರಿ ಪಾಳಿಯಿಂದ

(ಮೈಸೂರಿನಲ್ಲಿ ನಿವೃತ್ತರ ಒಂದು ಪ್ರವಾಸಿ ಗುಂಪಿನ ಮುಂದೆ ಮಾತಾಡಿದ್ದನ್ನು ಆಮೇಲೆ ಕೂತು ಬರೆದದ್ದು. ಮಾತಿನಲ್ಲಿ ಅಲ್ಲಿ ಇಲ್ಲಿ ಹಾರಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕು ಸರಿ ಕೇಳುತ್ತಿದೆಯಾ? ಹನ್ನೊಂದು ವರ್ಷ ಎಂಜಿನ್ ಸದ್ದಿನ ಮೇಲೆ ಮಲಗಿ ಎದ್ದವನು ನಾನು. ನನ್ನ ದನಿ ಜೋರಾಯಿತೋ ಸಣ್ಣದಾಯಿತೋ ನನಗೇ ಗೊತ್ತಾಗುವುದಿಲ್ಲ. ಜೋರಾದರೆ ಹೇಳಿಬಿಡಿ.

ನಾನು ಕುಂದಾಪುರದ ಕಡೆಯವನು. ನಮ್ಮ ಕಡೆ ಊರಿಗೆ ನಾಲ್ಕೈದು ಜನ "ಶಿಪ್ಪಿನಲ್ಲಿರುವವರು" ಸಿಗುತ್ತಾರೆ. ನಾನೂ ಅದೇ ದಾರಿ ಹಿಡಿದೆ. ಮೊದಲ ಕಾಂಟ್ರಾಕ್ಟಿನಲ್ಲಿ, ಅಂದರೆ ಮೊದಲ ಸಲ ಹಡಗು ಹತ್ತಿ ಇಳಿಯುವ ತನಕದ ಕೆಲಸದಲ್ಲಿ, ಪಾತ್ರೆ ತೊಳೆದೆ. ಆಮೇಲೆ ಬಫೆಯಲ್ಲಿ ತಟ್ಟೆ ಎತ್ತಿದೆ. ಕೊನೆಯ ಐದು ವರ್ಷ ಪೂರ್ತಿ ರಾತ್ರಿ ಪಾಳಿ. ಕ್ಯಾಪ್ಟನ್ ಬಗ್ಗೆ, ಎಂಜಿನ್ ಬಗ್ಗೆ ನನ್ನನ್ನು ಕೇಳಬೇಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಹಡಗಿನಲ್ಲಿ ಯಾರಿಗೆ ಯಾವಾಗ ಹಸಿವಾಗುತ್ತದೆ, ಅವರು ಎಲ್ಲಿಗೆ ಬರುತ್ತಾರೆ, ಏನು ಸಿಗದೆ ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ, ಇದನ್ನು ಮಾತ್ರ ಚೆನ್ನಾಗಿ ನೋಡಿದ್ದೇನೆ.

ನಿಮ್ಮ ಕಾರ್ಯದರ್ಶಿಗಳು ಫೋನ್ ಮಾಡಿ, "ಮುಂದಿನ ತಿಂಗಳು ನಾವೆಲ್ಲ ಸಿಂಗಪುರದಿಂದ ಹಡಗು ಹತ್ತುತ್ತೇವೆ, ಬಂದು ನಾಲ್ಕು ಮಾತು ಹೇಳಿ" ಅಂದರು. ಏನು ಹೇಳಲಿ ಸಾರ್ ಅಂದೆ. "ಎಲ್ಲರದ್ದೂ ಒಂದೇ ಪ್ರಶ್ನೆ ಕಣ್ರೀ, ಹೊತ್ತಲ್ಲದ ಹೊತ್ತಲ್ಲಿ ಹಸಿವಾದರೆ ಏನು ಗತಿ?" ಅಂದರು. ಇದು ನನ್ನದೇ ಸಬ್ಜೆಕ್ಟು, ಬಂದೆ.

ಟ್ರಾವೆಲ್ಸ್‌ನವರು ಕೊಟ್ಟ ಕಾಗದದಲ್ಲಿ "24 ಗಂಟೆಯೂ ಊಟ" ಅಂತ ಇದೆಯಲ್ಲ, ಅದನ್ನು ಬರೆದವರು ಇಂಗ್ಲಿಷಿನಲ್ಲಿ ಯೋಚನೆ ಮಾಡಿದವರು. ಇಂಗ್ಲಿಷಿನಲ್ಲಿ ಎಲ್ಲವೂ ಫುಡ್. ಬಿಸ್ಕತ್ತೂ ಫುಡ್, ಬಾಳೆ ಎಲೆ ಊಟವೂ ಫುಡ್. ನಮಗೆ ಹಾಗಲ್ಲ ನೋಡಿ. ನಮ್ಮಲ್ಲಿ ಊಟ ಬೇರೆ, ತಿಂಡಿ ಬೇರೆ, ಕುರುಕಲು ಬೇರೆ. ಮದುವೆ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಉಪ್ಪಿಟ್ಟು ತಿಂದು ಬಂದವರನ್ನೂ "ಊಟ ಆಯ್ತಾ?" ಅಂತ ಕೇಳಿದರೆ, "ಇಲ್ಲ, ತಿಂಡಿ ಆಯ್ತು" ಅಂತಾರೆ. ಹಡಗನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: 24 ಗಂಟೆಯೂ ಕುರುಕಲು ಇದೆ, ಸುಮಾರು ಇಪ್ಪತ್ತು ಗಂಟೆ ತಿಂಡಿ ಇದೆ, ಊಟಕ್ಕೆ ಮಾತ್ರ ಹೊತ್ತು ಇದೆ. ಆ ಹೊತ್ತು ನಮ್ಮ ಹೊಟ್ಟೆಯ ಹೊತ್ತಿಗೆ ಕೂಡಿ ಬರುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಯಾಕೆ ಕೂಡಿ ಬರುವುದಿಲ್ಲ ಅಂತ ನನಗೆ ಅರ್ಥ ಆಗಲಿಕ್ಕೆ ಎರಡು ಕಾಂಟ್ರಾಕ್ಟು ಬೇಕಾಯಿತು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹಡಗಿನ ದೊಡ್ಡ ರೆಸ್ಟೋರೆಂಟಿನಲ್ಲಿ ರಾತ್ರಿ ಊಟದ ಮೊದಲ ಪಂಕ್ತಿ ಸಂಜೆ ಐದೂವರೆ, ಆರರ ಹೊತ್ತಿಗೆ ಕೂರುತ್ತದೆ. ಆರು ಗಂಟೆ ಅಂದರೆ ಮೈಸೂರಿನಲ್ಲಿ ಎಷ್ಟು? ಮಧ್ಯಾಹ್ನ ಮೂರೂವರೆ. ಕಾಫಿ ಹೊತ್ತು. ಆ ಹೊತ್ತಲ್ಲಿ ನಿಮ್ಮ ಮುಂದೆ ಸೂಪು ತಂದಿಡುತ್ತಾರೆ. ಎರಡನೇ ಪಂಕ್ತಿ ಎಂಟು, ಎಂಟೂವರೆಗೆ. ಅದೂ ನಮ್ಮ ಆರು ಗಂಟೆ, ದೀಪ ಹಚ್ಚುವ ಹೊತ್ತು. ಒಂಬತ್ತೂವರೆಗೆ ಬಫೆಯ ರಾತ್ರಿ ಊಟ ಮುಗಿಸಿ ಪರದೆ ಎಳೆಯುತ್ತಾರೆ. ಆಗ ಇಲ್ಲಿ ಏಳು. ನೀವೋ, ದುಡ್ಡು ಕೊಟ್ಟಿದ್ದೇವಲ್ಲ ಅಂತ ಎರಡು ತುತ್ತು ತಿಂದು ಎದ್ದು, ಡ್ಯಾನ್ಸ್ ನೋಡಿ, ಡೆಕ್ ಮೇಲೆ ನಾಲ್ಕು ಸುತ್ತು ಓಡಾಡಿ, ಕ್ಯಾಬಿನ್ನಿಗೆ ಬರುತ್ತೀರಿ. ಹಡಗಿನಲ್ಲಿ ಹನ್ನೆರಡು ಹೊಡೆಯುತ್ತದೆ. ಊರಲ್ಲಿ ಒಂಬತ್ತೂವರೆ. ಆಗ ನಿಜವಾದ ಹಸಿವು ಶುರು.

ಬಿಳಿಯ ಸಹೋದ್ಯೋಗಿಗಳು "ಈ ಇಂಡಿಯನ್ನರು ಮಧ್ಯರಾತ್ರಿ ಬಂದು ತಿನ್ನುತ್ತಾರಪ್ಪ" ಅಂತ ಆಡಿಕೊಳ್ಳುತ್ತಿದ್ದರು. ಆಸೆಬುರುಕರು ಅಂತ ಲೆಕ್ಕ. ಮೊದಲು ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ದಿನ ಗಡಿಯಾರ ಹಿಂದೆ ತಿರುಗಿಸಿ ನೋಡಿದೆ. ಪಾಪ, ಅವರು ತಮ್ಮ ಮನೆಯ ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು.

ಬೇರೆ ಸಮುದ್ರದಲ್ಲಿ ಇದೇ ಲೆಕ್ಕ ಬೇರೆ ರೀತಿ ಆಗುತ್ತದೆ. ಮಯಾಮಿಯಿಂದ ಹೊರಡುವ ಹಡಗಿನಲ್ಲಿ ಬೇಸಿಗೆಯಲ್ಲಿ ಬೆಳಗಿನ ಜಾವ ಮೂರು ಅಂದರೆ ನಮ್ಮ ಮಧ್ಯಾಹ್ನ ಹನ್ನೆರಡೂವರೆ. ಊರಿಂದ ವಿಮಾನದಲ್ಲಿ ಬಂದು ನೇರ ಹಡಗು ಹತ್ತಿದವರು ಸರಿಯಾಗಿ ಮೂರಕ್ಕೆ ಎದ್ದು ಕೂರುತ್ತಾರೆ. ಸಾಂಬಾರಿನ ಹೊತ್ತು ಅಲ್ವಾ! ಹೊರಗೆ ಬಂದರೆ ಕಾರಿಡಾರಿನಲ್ಲಿ ನರಪಿಳ್ಳೆ ಇರುವುದಿಲ್ಲ. ಮೆಡಿಟರೇನಿಯನ್ ಕಡೆ ಹೋದರೆ ಹಸಿವು ಸಂಜೆಗೆ ಜಾರುತ್ತದೆ. ಬಾರ್ಸಿಲೋನಾದಲ್ಲಿ ಬೇಸಿಗೆಯ ಸಂಜೆ ಐದೂವರೆ ಅಂದರೆ ನಮಗೆ ರಾತ್ರಿ ಒಂಬತ್ತು. ಮಧ್ಯಾಹ್ನದ ಬಫೆ ಮೂರು, ಮೂರೂವರೆಗೆ ಮುಚ್ಚಿರುತ್ತದೆ. ರಾತ್ರಿಯದು ತೆರೆಯುವುದು ಆರರ ಮೇಲೆ. ಊರು ಸುತ್ತಲಿಕ್ಕೆ ಇಳಿದು ನಾಲ್ಕು ಗಂಟೆಗೆ ವಾಪಸ್ ಹತ್ತುವವರು ಸಿಕ್ಕಿಬೀಳುವುದು ಈ ಸಂದಿಯಲ್ಲೇ.

ಸರಿ, ಊಟದ ಹೊತ್ತು ಮೀರಿದ ಮೇಲೆ ಏನೇನು ತೆರೆದಿರುತ್ತದೆ? ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಹಡಗಿನಿಂದ ಹಡಗಿಗೆ ಬೇರೆ. ರಾಯಲ್ ಕೆರಿಬಿಯನ್ ಕಂಪನಿಯ ಬಹಳ ಹಡಗುಗಳಲ್ಲಿ ಕೆಫೆ ಪ್ರಾಮನಾಡ್ ಅಂತ ಒಂದು ಮೂಲೆ ಇದೆ. ಸ್ಯಾಂಡ್‌ವಿಚ್ಚು, ಕುಕ್ಕಿ, ಕಾಫಿ ರಾತ್ರಿ ಬಹಳ ಹೊತ್ತು ಸಿಗುತ್ತದೆ. ಪಕ್ಕದ ಪಿಜ್ಜಾ ಅಂಗಡಿಯೂ ಎರಡು, ಮೂರರ ತನಕ ಇರುತ್ತದೆ. ನಾರ್ವೀಜಿಯನ್ ಅನ್ನುವ ಕಂಪನಿಯವರ ಹಡಗುಗಳಲ್ಲಿ ದಿನವಿಡೀ ತೆರೆದಿರುವ ಪಬ್ ತರಹದ ಹೋಟೆಲು ಹೆಸರುವಾಸಿ. ಆದರೆ ಅಲ್ಲಿರುವುದು ಜಾಸ್ತಿ ಬರ್ಗರು, ಕೋಳಿ ರೆಕ್ಕೆ. ಪ್ರಿನ್ಸೆಸ್ ಹಡಗುಗಳಲ್ಲಿ ಇಂಟರ್‌ನ್ಯಾಷನಲ್ ಕೆಫೆ. ಕಾರ್ನಿವಲ್‌ಗೆ ಹೆಸರು ಬಂದದ್ದೇ ನಡುರಾತ್ರಿಯ ಪಿಜ್ಜಾ ಮತ್ತು ಮೆಷಿನ್ ಐಸ್‌ಕ್ರೀಮಿನಿಂದ. ಹಡಗು ಹತ್ತಿದ ದಿನವೇ ಆ ದಿನದ ಕಾರ್ಯಕ್ರಮದ ಹಾಳೆ ಇಲ್ಲವೇ ಆ್ಯಪ್ ನೋಡಿ, ರಾತ್ರಿ ಹನ್ನೊಂದರ ಮೇಲೆ ತೆರೆದಿರುವ ಜಾಗ ಯಾವ ಡೆಕ್ಕಿನಲ್ಲಿ, ಅಂದರೆ ಯಾವ ಮಹಡಿಯಲ್ಲಿ ಇದೆ ಅಂತ ಹಗಲಲ್ಲೇ ಒಮ್ಮೆ ನಡೆದು ನೋಡಿಕೊಳ್ಳಿ. 2024ರಲ್ಲಿ ಬಂದ ಐಕಾನ್ ಆಫ್ ದ ಸೀಸ್‌ನಂಥ ಹಡಗಿಗೆ 20 ಡೆಕ್ಕು, ಉದ್ದ 365 ಮೀಟರ್. ಹಸಿದ ಹೊಟ್ಟೆಯಲ್ಲಿ ಅದರೊಳಗೆ ದಾರಿ ತಪ್ಪಿದರೆ ಮುಗಿಯಿತು.

ಈಗ ಹಳೆಯ ಕಾಲದ ಒಂದು ಮಾತು. ನಿಮ್ಮಲ್ಲಿ ಯಾರಾದರೂ ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಹಡಗಿನಲ್ಲಿ ಹೋಗಿದ್ದರೆ ಮಿಡ್‌ನೈಟ್ ಬಫೆ ನೋಡಿರುತ್ತೀರಿ. ರಾತ್ರಿ ಹನ್ನೆರಡಕ್ಕೆ ಬಾಗಿಲು ತೆರೆಯುತ್ತಿದ್ದರು. ಮಂಜುಗಡ್ಡೆಯಲ್ಲಿ ಕೆತ್ತಿದ ಹಂಸ, ಕಲ್ಲಂಗಡಿಯಲ್ಲಿ ಕೆತ್ತಿದ ಮುಖ, ಬೆಣ್ಣೆಯ ಗೊಂಬೆ. ಮೊದಲು ಸ್ವಲ್ಪ ಹೊತ್ತು ಬರೀ ಫೋಟೋ ತೆಗೆಯಲಿಕ್ಕೆ ಬಿಡುತ್ತಿದ್ದರು, ಆಮೇಲೆ ತಿನ್ನಲಿಕ್ಕೆ. ನಾನು ಸೇರುವ ಹೊತ್ತಿಗೆ ಅದು ಹೆಚ್ಚು ಕಡಿಮೆ ಮುಗಿದಿತ್ತು. ಹಳಬರು ಕಥೆ ಹೇಳುತ್ತಿದ್ದರು. ನಿಲ್ಲಿಸಿದ್ದು ಯಾಕೆ? ತಿನ್ನುವವರು ಕಡಿಮೆ, ಬಿಸಾಡುವುದು ಜಾಸ್ತಿ. ಖರ್ಚೂ ಜಾಸ್ತಿ. ಜತೆಗೆ 2000ದಲ್ಲಿ ನಾರ್ವೀಜಿಯನ್‌ನವರು ಪಂಕ್ತಿ ಪದ್ಧತಿ ಬಿಟ್ಟು, ಬೇಕಾದಾಗ ಬೇಕಾದಲ್ಲಿ ಕೂತು ಉಣ್ಣಿ ಅಂತ ಶುರು ಮಾಡಿದರು. ಬೇರೆಯವರೂ ಅದೇ ದಾರಿಗೆ ಬಂದರು. ಸಣ್ಣ ಸಣ್ಣ ಅಂಗಡಿಗಳು ರಾತ್ರಿಯ ತನಕ ತೆರೆದಿದ್ದ ಮೇಲೆ ಹನ್ನೆರಡು ಗಂಟೆಯ ಜಾತ್ರೆ ಯಾರಿಗೆ ಬೇಕು?

ಇನ್ನೂ ಹಿಂದೆ ಹೋದರೆ ಟೈಟಾನಿಕ್. 1912ರ ಏಪ್ರಿಲ್ 14ರ ಮೂರನೇ ದರ್ಜೆಯ ಊಟದ ಪಟ್ಟಿ ಇವತ್ತಿಗೂ ಉಳಿದಿದೆ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ದೊಡ್ಡ ಊಟ, ಸಂಜೆ ಟೀ, ರಾತ್ರಿ ಸಪ್ಪರ್. ಆ ಸಪ್ಪರ್‌ನಲ್ಲಿ ಏನಿತ್ತು ಗೊತ್ತಾ? ಗಂಜಿ, ಗಟ್ಟಿ ಬಿಸ್ಕತ್ತು, ಚೀಸ್. ಗಂಜಿ ಮಾರಾಯ್ರೆ! ನಮ್ಮ ಕರಾವಳಿಯವರಿಗೆ ಆ ಹಡಗಿನಲ್ಲಿ ರಾತ್ರಿ ತೊಂದರೆ ಆಗುತ್ತಿರಲಿಲ್ಲ. ಮೇಲಿನ ದರ್ಜೆಯವರ ಕಥೆ ಬೇರೆ. ಅವರ ದೊಡ್ಡ ಊಟದ ಹಾಲಿಗೆ ಗೊತ್ತಾದ ಹೊತ್ತಿತ್ತು, ತುತ್ತೂರಿ ಊದಿ ಕರೆಯುತ್ತಿದ್ದರು. ಅದು ಹಿಡಿಸದವರಿಗೆ ಬೆಳಿಗ್ಗೆ ಎಂಟರಿಂದ ರಾತ್ರಿ ಹನ್ನೊಂದರ ತನಕ ತೆರೆದಿದ್ದ ಬೇರೆ ರೆಸ್ಟೋರೆಂಟ್ ಇತ್ತು. ಅಲ್ಲಿ ದುಡ್ಡು ಬೇರೆ ಕೊಡಬೇಕು. ಹೊತ್ತಲ್ಲದ ಹೊತ್ತಿನ ಊಟಕ್ಕೆ ಬೇರೆ ಬೆಲೆ ಅನ್ನುವುದು ಹೊಸದೇನಲ್ಲ, ಇಷ್ಟು ಹೇಳಲಿಕ್ಕೆ ಈ ಕಥೆ ತೆಗೆದೆ.

ಆ ಬೆಲೆ ಈಗ ರೂಮ್ ಸರ್ವಿಸ್ ರೂಪದಲ್ಲಿ ಬಂದಿದೆ. ಮೊದಲು ಬಹಳ ಹಡಗುಗಳಲ್ಲಿ ಕ್ಯಾಬಿನ್ನಿಗೆ ತಂದುಕೊಡುವುದು ಪುಕ್ಕಟೆ. 2015ರಲ್ಲಿ ನಾರ್ವೀಜಿಯನ್‌ನವರು ಒಂದು ಆರ್ಡರಿಗೆ 7.95 ಡಾಲರ್ ಹಾಕಿದರು. 2017ರಲ್ಲಿ ರಾಯಲ್ ಕೆರಿಬಿಯನ್‌ನವರೂ ಅಷ್ಟೇ ಹಾಕಿದರು. ಬೆಳಗಿನ ಬ್ರೆಡ್ಡು, ಹಣ್ಣು, ಕಾಫಿಯ ಸರಳ ತಿಂಡಿಗೆ ಇಬ್ಬರೂ ವಿನಾಯಿತಿ ಕೊಟ್ಟರು. ಕುನಾರ್ಡ್ ತರಹದ ಹಳೇ ಮನೆತನದವರು ಮಾತ್ರ ಇನ್ನೂ 24 ಗಂಟೆ ಪುಕ್ಕಟೆ ಕೊಡುತ್ತಾರೆ. ದರ ಬದಲಾಗುತ್ತಾ ಇರುತ್ತದೆ, ನಿಮ್ಮ ಹಡಗಿನದ್ದು ನೀವೇ ನೋಡಿಕೊಳ್ಳಿ. ಒಂದು ಲೆಕ್ಕ ಮಾತ್ರ ನೆನಪಿಡಿ. ಆ ಶುಲ್ಕ ಆರ್ಡರಿಗೆ, ತಟ್ಟೆಗಲ್ಲ. ಎರಡು ಕ್ಯಾಬಿನ್ನಿನವರು ಸೇರಿ ಒಂದೇ ಕ್ಯಾಬಿನ್ನಿಗೆ ಹೇಳಿದರೆ ಅರ್ಧ ಅರ್ಧ ಆಯಿತು. ನಮ್ಮ ಗುಜರಾತಿ ಪ್ರಯಾಣಿಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಬಹಳ ಜನ ನನ್ನನ್ನು ಕೇಳುವ ಪ್ರಶ್ನೆಗೆ ಬರುತ್ತೇನೆ. "ಅಷ್ಟು ದೊಡ್ಡ ಅಡುಗೆಮನೆ, ಸಾವಿರಾರು ಜನಕ್ಕೆ ಬೇಯಿಸುತ್ತಾರೆ, ಒಂದು ಹಂಡೆ ಅನ್ನ, ಒಂದು ಪಾತ್ರೆ ಸಾರು ರಾತ್ರಿ ಇಟ್ಟರೆ ಏನು ಗಂಟು ಹೋಗುತ್ತೆ?"

ಹೋಗುವುದು ಗಂಟಲ್ಲ, ಹೆಸರು. ಅಮೆರಿಕದ ಬಂದರಿಗೆ ಹೋಗುವ ಕ್ರೂಸ್ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆಯವರು ಹೇಳದೆ ಕೇಳದೆ ಬಂದು ತಪಾಸಣೆ ಮಾಡುತ್ತಾರೆ. ಯುಎಸ್ ಪಬ್ಲಿಕ್ ಹೆಲ್ತ್, ನಮ್ಮ ಬಾಯಲ್ಲಿ ಚಿಕ್ಕದಾಗಿ "ಯುಎಸ್‌ಪಿಎಚ್". "ಯುಎಸ್‌ಪಿಎಚ್ ಬಂತು" ಅಂದರೆ ಸಾಕು, ಗ್ಯಾಲಿಯಲ್ಲಿ ಎಲ್ಲರ ಕೈ ನಡುಗುತ್ತದೆ. ಗ್ಯಾಲಿ ಅಂದರೆ ಹಡಗಿನ ಅಡುಗೆಮನೆ. 100ಕ್ಕೆ ಅಂಕ. 85 ಇಲ್ಲವೇ ಅದಕ್ಕಿಂತ ಕಡಿಮೆ ಬಂದರೆ ಫೇಲು. ಅಂಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟ ಮಾಡುತ್ತಾರೆ. ಹಾಗಾಗಿ ಏಷ್ಯಾದಲ್ಲಿ ಓಡಾಡುವಾಗಲೂ ನಮ್ಮ ಹಡಗಿನಲ್ಲಿ ಅದೇ ಶಿಸ್ತು.

ಬಿಸಿ ಅಡುಗೆ 57 ಡಿಗ್ರಿಗಿಂತ ಮೇಲಿರಬೇಕು. ತಣ್ಣಗಿನದು 5 ಡಿಗ್ರಿ ಇಲ್ಲವೇ ಅದಕ್ಕಿಂತ ಕೆಳಗೆ. ನಡುವಿನ ಜಾಗ ರೋಗಾಣುಗಳಿಗೆ ಮಾವನ ಮನೆ. ಬಿಸಿಯೂ ಇಲ್ಲದೆ ತಂಪೂ ಇಲ್ಲದೆ ಹೊರಗಿಟ್ಟ ಟ್ರೇ ಮೇಲೆ ಹೊತ್ತು ಬರೆದು ಚೀಟಿ ಅಂಟಿಸುತ್ತೇವೆ. ನಾಲ್ಕು ಗಂಟೆ ದಾಟಿದರೆ ಅದು ಕಸ. ತಿರುಗಿ ಬಿಸಿ ಮಾಡಿ ಬಡಿಸುವ ಮಾತೇ ಇಲ್ಲ. ಇದರಲ್ಲಿ ಅನ್ನವೇ ದೊಡ್ಡ ತಕರಾರಿನ ಗಿರಾಕಿ. ಬೆಂದ ಮೇಲೂ ಸಾಯದ ಬೀಜದಂಥ ಒಂದು ರೋಗಾಣು ಅಕ್ಕಿಯಲ್ಲಿ ಇರುತ್ತದೆ, ಬೆಸಿಲಸ್ ಸೀರಿಯಸ್ ಅಂತ. ಅನ್ನ ಉಗುರು ಬೆಚ್ಚಗೆ ಕೂತರೆ ಅದು ಎದ್ದು ಬೆಳೆಯುತ್ತದೆ, ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ವಾಂತಿ ಬರಿಸುವ ಆ ವಿಷ ಹೋಗುವುದಿಲ್ಲ. ಸರಿ, 57ರ ಮೇಲೇ ಇಡೋಣ ಅಂದರೆ ಎರಡು ಗಂಟೆಯಲ್ಲಿ ಮೇಲೆಲ್ಲ ಒಣಗಿ ಕಡ್ಡಿ ಕಡ್ಡಿ. ಕುಕ್ಕಿಗೆ, ಒಣ ಕೇಕಿಗೆ ಈ ರಗಳೆ ಇಲ್ಲ. ನೀರಿನಂಶ ಕಡಿಮೆ, ಹೊರಗಿದ್ದರೂ ನಡೆಯುತ್ತದೆ. ಪಿಜ್ಜಾ ಕೇಳಿದಾಗ ಹತ್ತು ನಿಮಿಷದಲ್ಲಿ ಸುಡಬಹುದು. ರಾತ್ರಿ ಹಿಟ್ಟು ಸಾಮಾನೇ ಯಾಕೆ ಕಾಣುತ್ತದೆ ಅಂದರೆ ಕಾರಣ ಇದು. ನಮ್ಮ ಮೇಲೆ ಸಿಟ್ಟೇನೂ ಇಲ್ಲ.

ಇನ್ನೊಂದು ಕಾರಣ ಶುಚಿ ಮಾಡುವುದು. ಬಫೆ ಇಡೀ ದಿನ ನಡೆದರೆ ತೊಳೆಯುವುದು ಯಾವಾಗ? ರಾತ್ರಿ ಹನ್ನೊಂದರ ಮೇಲೆ ನಮ್ಮ ಕೆಲಸವೇ ಅದು. ಗಾಜು ಬಿಚ್ಚು, ಕೌಂಟರ್ ಉಜ್ಜು, ಇಕ್ಕಳ ಚಮಚ ಎಲ್ಲ ಕುದಿಯುವ ನೀರಿಗೆ. ನೋರೋವೈರಸ್ ಅಂತ ಒಂದು ಹೊಟ್ಟೆ ಕಾಯಿಲೆ, ಹಡಗಿನಲ್ಲಿ ಒಬ್ಬರಿಗೆ ಬಂದರೆ ಬೆಂಕಿಯ ಹಾಗೆ ಹಬ್ಬುತ್ತದೆ. ಆಗ ಯಾರ ಕೈಗೂ ಚಮಚ ಕೊಡದೆ ನಾವೇ ಬಡಿಸುತ್ತೇವೆ. ಬಾಗಿಲಲ್ಲಿ ಕೈಗೆ ಹಾಕುವ ಜೆಲ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಸೋಪು ಹಾಕಿ ತೊಳೆಯಿರಿ. ಮನೆಯಲ್ಲಿ ಊಟಕ್ಕೆ ಮೊದಲು ಕೈ ತೊಳೆಯುವ ಅಭ್ಯಾಸ ನಮಗೆಲ್ಲ ಇದೆ. ಹಡಗು ಹತ್ತಿದ ಕೂಡಲೇ ಅದು ಎಲ್ಲಿಗೆ ಹೋಗುತ್ತದೋ!

ಬಿಸಾಡಿದ ಅನ್ನ ಎಲ್ಲಿಗೆ ಹೋಗುತ್ತದೆ ಅಂತ ಮೊದಲ ಸಾಲಿನ ಅಮ್ಮ ಒಬ್ಬರು ಕೇಳಿದರು. ದೊಡ್ಡ ಮಿಕ್ಸಿಯಂಥದ್ದರಲ್ಲಿ ಅರೆಯುತ್ತಾರೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ನುಣ್ಣಗೆ ಅರೆದದ್ದನ್ನು ದಡದಿಂದ ಕನಿಷ್ಠ 3 ನಾಟಿಕಲ್ ಮೈಲಿ ಆಚೆ ಸಮುದ್ರಕ್ಕೆ ಬಿಡಬಹುದು. ಅರೆಯದಿದ್ದರೆ 12 ಮೈಲಿ ಆಚೆ. ಕೆಲವು ಸಮುದ್ರಗಳಲ್ಲಿ ನಿಯಮ ಇನ್ನೂ ಬಿಗಿ. ಮೊದಲ ಕಾಂಟ್ರಾಕ್ಟಿನಲ್ಲಿ ಆ ಮೆಷಿನ್ನಿನ ಬಾಯಿಗೆ ಅನ್ನ ಸುರಿಯುವ ಕೆಲಸ ನನ್ನದೇ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಬೈಯುತ್ತಿದ್ದ ನನ್ನ ಅಮ್ಮನಿಗೆ ಇದನ್ನು ನಾನು ಹೇಳಲೇ ಇಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ "ಅಡುಗೆಮನೆಯಲ್ಲಿದ್ದೇನೆ" ಅನ್ನುತ್ತಿದ್ದೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಯಾವ ಹಡಗು ಅಂತ ಬೇಡ. ಸಿಂಗಪುರದಿಂದ ಹೊರಟಿದ್ದೆವು. ಹಡಗಿನ ಗಡಿಯಾರದಲ್ಲಿ ಹನ್ನೆರಡೂವರೆ ಇರಬಹುದು. ನಾನು ಕೆಫೆಯಲ್ಲಿ ಇದ್ದೆ. ವಯಸ್ಸಾದ ಗಂಡ ಹೆಂಡತಿ ಬಂದರು. ಅಜ್ಜನಿಗೆ ಎಂಬತ್ತರ ಹತ್ತಿರ. ಗಾಜಿನೊಳಗೆ ಇಟ್ಟದ್ದನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಹ್ಯಾಮ್ ಸ್ಯಾಂಡ್‌ವಿಚ್ಚು, ಟ್ಯೂನಾ ಸ್ಯಾಂಡ್‌ವಿಚ್ಚು, ಕುಕ್ಕಿ. "ಇದೆಲ್ಲ ಬ್ಯಾಡ ಕಣೇ, ಒಂದು ಹಿಡಿ ಅನ್ನ ಮೊಸರು ಇದ್ದಿದ್ರೆ ಸಾಕಿತ್ತು" ಅಂತ ಹೆಂಡತಿಗೆ ಹೇಳಿದರು. ಕನ್ನಡ! ನಾನು ತಡೆಯಲಾರದೆ "ಯಾವೂರು ಅಜ್ಜಾ?" ಅಂದೆ. ದಾವಣಗೆರೆ ಕಡೆಯವರು. ಅವರಿಗೆ ಆದ ಖುಷಿ ಹೇಳಲಿಕ್ಕಾಗದು. "ಹಂಗಾರೆ ನಿನ್ನತ್ರ ಅನ್ನ ಸಿಗ್ತದಾ?" ಅಂದರು.

ಸಿಗುವುದಿಲ್ಲ ಅಂದೆ. ಅದು ನಿಜ. ರೆಸ್ಟೋರೆಂಟಿನ ಅಡುಗೆಮನೆ ಮುಚ್ಚಿತ್ತು. ಎಚ್ಚರ ಇದ್ದದ್ದು ಬೇಕರಿಯವರು ಮಾತ್ರ, ಬೆಳಗಿನ ಸಾವಿರಾರು ಬನ್ನು ರಾತ್ರಿಯೇ ಆಗಬೇಕು. ಅಜ್ಜ "ಪರವಾಗಿಲ್ಲ ಬಿಡಪ್ಪಾ" ಅಂದು ಎರಡು ಬಾಳೆಹಣ್ಣು ತಗೊಂಡು ಹೋದರು.

ಒಂದು ಗಂಟೆಗೆ ನನ್ನ ಬಿಡುವು. ನಮ್ಮ ಓಣಿಗೆ ಇಳಿದೆ. ಹಡಗಿನ ಈ ತುದಿಯಿಂದ ಆ ತುದಿಗೆ ಕೆಲಸಗಾರರಿಗೆ ಅಂತ ಒಂದು ಉದ್ದದ ಓಣಿ ಇರುತ್ತದೆ, ಅಮೆರಿಕದ ಹೆದ್ದಾರಿಯ ಹೆಸರಿಟ್ಟು ಐ-95 ಅಂತ ಕರೆಯುತ್ತಾರೆ. ಅದರ ಪಕ್ಕದಲ್ಲಿ ನಮ್ಮ ಮೆಸ್. ಹನ್ನೆರಡರಿಂದ ನಾಲ್ಕರ ವಾಚ್, ಅಂದರೆ ಪಾಳಿ, ಇರುವ ಎಂಜಿನ್ ರೂಮಿನವರಿಗೆ, ಬಾರ್ ಮುಚ್ಚಿ ಬಂದವರಿಗೆ, ನಮ್ಮಂಥ ರಾತ್ರಿಯವರಿಗೆ ನಡುರಾತ್ರಿ ಊಟ ಇರುತ್ತದೆ. ಹಡಗಿನಲ್ಲಿ ಭಾರತೀಯರು, ಫಿಲಿಪಿನೋಗಳು, ಇಂಡೋನೇಷ್ಯಾದವರು ಜಾಸ್ತಿ, ಎಲ್ಲ ಅನ್ನದವರು. ಆ ರಾತ್ರಿ ಬಿಸಿ ಅನ್ನ, ದಾಲ್, ಎಲೆಕೋಸಿನ ಪಲ್ಯ, ಒಂದು ಡಬ್ಬಿ ಮೊಸರು. ಸಾವಿರಾರು ಡಾಲರ್ ಕೊಟ್ಟು ಬಂದವರು ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದರು. ಸಂಬಳಕ್ಕೆ ಬಂದ ನಾನು ಕೆಳಗೆ ಮೊಸರನ್ನ ಕಲಸುತ್ತಿದ್ದೆ.

ಒಂದು ಬಟ್ಟಲು ಒಯ್ದು ಕೊಡಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಮೆಸ್ಸಿನ ಅಡುಗೆ ಪ್ರಯಾಣಿಕರಿಗೆ ಕೊಡುವ ಹಾಗಿಲ್ಲ. ಸಿಕ್ಕಿಬಿದ್ದರೆ ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸಬಹುದು. ನನಗೆ ಆಗ ತಂಗಿಯ ಮದುವೆಯ ಸಾಲ ಇತ್ತು. ಕೊಡಲಿಲ್ಲ. ಊಟವೇನೋ ಮಾಡಿದೆ, ರುಚಿ ಮಾತ್ರ ಹತ್ತಲಿಲ್ಲ.

ಬೆಳಿಗ್ಗೆ ಪಾಳಿ ಮುಗಿಸಿ ಮಲಗುವ ಮೊದಲು ರೆಸ್ಟೋರೆಂಟಿನ ಹೆಡ್ ವೇಟರ್ ಹತ್ತಿರ ಹೋದೆ. ಗೋವಾದವನು. ಇಂಥ ಕ್ಯಾಬಿನ್ನಿನವರಿಗೆ ರಾತ್ರಿ ಮೊಸರನ್ನ ಬೇಕಂತೆ ಅಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, "ಇಷ್ಟೇನಾ? ಅವರು ನನಗೆ ಯಾಕೆ ಹೇಳಲಿಲ್ಲ?" ಅಂದ. ಅವತ್ತು ರಾತ್ರಿ ಹನ್ನೊಂದೂವರೆಗೆ ಮುಚ್ಚಿದ ಬಟ್ಟಲಿನಲ್ಲಿ ಅನ್ನ, ಮೊಸರು, ಪಕ್ಕದಲ್ಲಿ ಉಪ್ಪಿನಕಾಯಿ ಅವರ ಕ್ಯಾಬಿನ್ನಿಗೆ ಹೋಯಿತು. ಉಳಿದ ಮೂರು ದಿನವೂ ಹೋಯಿತು. ಬೇರೆ ದುಡ್ಡೂ ಹಾಕಲಿಲ್ಲ.

ಇವತ್ತು ಇಲ್ಲಿಂದ ಏನಾದರೂ ಕಟ್ಟಿಕೊಂಡು ಹೋಗುವುದಿದ್ದರೆ ಇದನ್ನು ಕಟ್ಟಿಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಕೇಳಿದರೆ ಹಡಗಿನಲ್ಲಿ ಎಲ್ಲರೂ "ಇಲ್ಲ" ಅನ್ನುತ್ತಾರೆ. ಹಿಂದಿನ ರಾತ್ರಿ ಊಟದ ಮೇಜಿನಲ್ಲೇ ಹೆಡ್ ವೇಟರ್‌ಗೆ ಹೇಳಿದರೆ ಹೆಚ್ಚಿನವರು "ನೋಡೋಣ" ಅನ್ನುತ್ತಾರೆ. ಹಡಗಿನಲ್ಲಿ "ನೋಡೋಣ" ಅಂದರೆ ಆಗುತ್ತದೆ ಅಂತಲೇ ಅರ್ಥ. ನಮ್ಮವರಿಗೆ ಕೇಳಲಿಕ್ಕೆ ನಾಚಿಕೆ. ಸೂಟು ಹಾಕಿದವರ ಹತ್ತಿರ ಮೊಸರನ್ನ ಕೇಳುವುದು ಹೇಗೆ ಅಂತ. ಆ ಸೂಟಿನವನು ಮಂಗಳೂರಿನವನೋ ಗೋವಾದವನೋ ಆಗಿರುವ ಸಾಧ್ಯತೆ ಎಷ್ಟಿದೆ ಅಂತ ನಿಮಗೆ ಗೊತ್ತಿಲ್ಲ.

ರಾತ್ರಿ ಪಾಳಿಯವರ ಬಗ್ಗೆಯೂ ಒಂದು ಮಾತು, ನನ್ನದೇ ಜಾತಿ ನೋಡಿ. 2013ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು. ಅದನ್ನು ಎರಡೇ ತುಂಡು ಮಾಡಬಹುದು, ಒಂದು ತುಂಡು 6 ಗಂಟೆಯಾದರೂ ಇರಬೇಕು. ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ. ಹಾಗಾಗಿ ರಾತ್ರಿ ರೂಮ್ ಸರ್ವಿಸ್‌ಗೆ ಫೋನ್ ಮಾಡಿದಾಗ "ನಲವತ್ತು ನಿಮಿಷ" ಅಂದರೆ ಸಿಟ್ಟಾಗಬೇಡಿ. ಹಗಲು ಐವತ್ತು ಜನ ಮಾಡುವ ಕೆಲಸಕ್ಕೆ ಆಗ ಐದಾರು ಜನ ಇರುತ್ತಾರೆ.

ಪ್ರಶ್ನೆಗಳಿಗೆ ಬರೋಣ.

ಒಬ್ಬರು ಮೇಡಂ ಕೇಳಿದ್ದು: "ನನಗೆ ಶುಗರ್ ಇದೆ. ಬೆಳಿಗ್ಗೆ ಐದಕ್ಕೆ ಏನಾದರೂ ತಿನ್ನಲೇಬೇಕು."

ಮೇಡಂ, ನಿಮಗೆ ಎರಡು ದಾರಿ. ಕ್ಯಾಬಿನ್ನಿನಲ್ಲಿ ತಿಂಡಿಯ ಕಾರ್ಡು ಇರುತ್ತದೆ, ಗುರುತು ಹಾಕಿ ರಾತ್ರಿಯೇ ಬಾಗಿಲ ಹಿಡಿಗೆ ತಗುಲಿಸಬೇಕು, ಈಗ ಕೆಲವು ಕಡೆ ಆ್ಯಪ್‌ನಲ್ಲಿ. ಆದರೆ ಅದು ಬರುವುದು ಆರು, ಆರೂವರೆಯ ಮೇಲೆ. ಐದಕ್ಕೆ ಬೇಕಾದರೆ ಹಿಂದಿನ ರಾತ್ರಿ ಬಫೆಯಿಂದ ಒಂದು ಸೇಬು, ಪ್ಯಾಕೆಟ್ ಬಿಸ್ಕತ್ತು ತಂದಿಟ್ಟುಕೊಳ್ಳಿ. ಕ್ಯಾಬಿನ್ನಿಗೆ ತರುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಹಣ್ಣನ್ನು ಬಂದರಿನಲ್ಲಿ ಕೆಳಗೆ ಮಾತ್ರ ಒಯ್ಯಬೇಡಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತರಹದ ಕಡೆ ದಂಡ ಜೋರು. ಇನ್ಸುಲಿನ್ ಇದ್ದರೆ ಬುಕಿಂಗ್ ಹೊತ್ತಿಗೇ ಹೇಳಿ. ಕ್ಯಾಬಿನ್ನಿನ ಪುಟ್ಟ ಫ್ರಿಜ್ ಬಹಳ ಹಡಗುಗಳಲ್ಲಿ ಸುಮ್ನೆ ತಂಪು ಪೆಟ್ಟಿಗೆ, ಅದನ್ನು ನಂಬಬೇಡಿ. ಇನ್ನೊಂದು, ಮಾತ್ರೆ ಹಡಗಿನ ಗಡಿಯಾರಕ್ಕೋ ಊರಿನ ಗಡಿಯಾರಕ್ಕೋ ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.

"ಇಷ್ಟೆಲ್ಲ ಯಾಕೆ, ಮುಂಬೈಯಿಂದಲೇ ಹಡಗು ಇದೆಯಲ್ಲ?" ಅಂತ ಹಿಂದಿನ ಸಾಲಿನವರು.

ಇದೆ. ಕಾರ್ಡೀಲಿಯಾ ಅನ್ನುವ ಕಂಪನಿಯವರು 2021ರ ಸೆಪ್ಟೆಂಬರಿನಲ್ಲಿ ಶುರು ಮಾಡಿದರು. ಅವರ ಎಂಪ್ರೆಸ್ ಹಡಗು 1990ರಲ್ಲಿ ರಾಯಲ್ ಕೆರಿಬಿಯನ್‌ಗೆ ಕಟ್ಟಿದ್ದು. ಅಲ್ಲಿ ಗಡಿಯಾರ ನಮ್ಮದೇ, ಅಡುಗೆ ನಮ್ಮದೇ, ಜೈನ ಊಟವೂ ಇದೆ. ಹೊಟ್ಟೆಗೆ ಕಷ್ಟ ಇಲ್ಲ. ನೀವು ಹೋಗುವ ಸಿಂಗಪುರದ ಕಡೆಯೂ ಈಗ ಸುಧಾರಿಸಿದೆ. ಗೆಂಟಿಂಗ್ ಡ್ರೀಮ್‌ನಂಥ ಹಡಗುಗಳಲ್ಲಿ ಭಾರತೀಯರು ಬಹಳ, ಸಸ್ಯಾಹಾರಕ್ಕೆ ಬೇರೆಯೇ ಏರ್ಪಾಡು ಇದೆ.

"ಕೆಟಲ್ ತಗೊಂಡು ಹೋಗ್ತೀವಿ, ರೂಮಲ್ಲೇ ಏನಾದರೂ ಮಾಡ್ಕೋತೀವಿ" ಅಂದವರಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ವಾಪಸ್ ತಗೊಳ್ಳಿ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. ಸುತ್ತ ಅಷ್ಟು ನೀರಿದ್ದರೂ ಓಡಿ ಹೋಗಲಿಕ್ಕೆ ಜಾಗ ಇಲ್ಲ. ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇವನ್ನೆಲ್ಲ ಬಹಳ ಕಂಪನಿಯವರು ಹತ್ತುವಾಗಲೇ ತೆಗೆದಿಟ್ಟುಕೊಂಡು, ಇಳಿಯುವಾಗ ಚೀಟಿ ತೋರಿಸಿದರೆ ಕೊಡುತ್ತಾರೆ. ಆ ಕೋಣೆಯನ್ನು ಒಮ್ಮೆ ನೋಡಿದ್ದೇನೆ, ಪಾತ್ರೆ ಅಂಗಡಿಯ ಹಾಗಿತ್ತು. ಬ್ರಿಟನ್ನಿನ ಕೆಲವು ಹಡಗುಗಳಲ್ಲಿ ಮಾತ್ರ ಕ್ಯಾಬಿನ್ನಿನಲ್ಲೇ ಕೆಟಲ್ ಇಟ್ಟಿರುತ್ತಾರೆ. ಅವರಿಗೆ ಟೀ ಇಲ್ಲದೆ ಬೆಳಗಾಗುವುದಿಲ್ಲ.

ಕೊನೆಗೆ ಒಬ್ಬರು ಅಮ್ಮ ಎದ್ದು ನಿಂತರು. "ಹಾಗಾದರೆ ನಾನು ಮನೆಯಲ್ಲೇ ಗೊಜ್ಜವಲಕ್ಕಿ ಪುಡಿ ಮಾಡಿ ಡಬ್ಬಿಯಲ್ಲಿ ಒಯ್ಯಲಾ?"

ಮನೆಯಲ್ಲಿ ಮಾಡಿದ್ದು ಬೇಡ ಅಮ್ಮಾ. ಬಹಳ ಹಡಗುಗಳಲ್ಲಿ ಬಿಡುವುದಿಲ್ಲ, ಡಬ್ಬಿ ಸಮೇತ ತೆಗೆದಿಡುತ್ತಾರೆ. ಅಂಗಡಿಯಲ್ಲಿ ಸೀಲ್ ಮಾಡಿದ ಪ್ಯಾಕೆಟ್ ಸಿಗುತ್ತದಲ್ಲ, ಬಿಸಿ ನೀರು ಹಾಕಿ ಮುಚ್ಚಿಟ್ಟರೆ ಆಗುವಂಥದ್ದು, ಅದನ್ನು ಒಯ್ಯಿರಿ. ಸಾಮಾನ್ಯವಾಗಿ ಅದಕ್ಕೆ ತೊಂದರೆ ಇಲ್ಲ.

"ರಾತ್ರಿ ಎರಡು ಗಂಟೆಗೆ ಬಿಸಿ ನೀರು ಎಲ್ಲಿಂದ ತರಲಿ?"

ಟೀ ಕಾಫಿಯ ನಲ್ಲಿ ಇರುವ ಜಾಗದಿಂದ. ಬಹುತೇಕ ಹಡಗುಗಳಲ್ಲಿ ಒಂದಾದರೂ ರಾತ್ರಿಯಿಡೀ ಇರುತ್ತದೆ. ಅನ್ನ ಮುಗಿಯುತ್ತದೆ, ಪಿಜ್ಜಾ ಮುಚ್ಚುತ್ತದೆ, ಆ ನಲ್ಲಿ ಮುಚ್ಚಿದ್ದನ್ನು ನಾನಂತೂ ನೋಡಿಲ್ಲ. ಪಕ್ಕದಲ್ಲೇ ದೊಡ್ಡ ಕಪ್ಪು ಇರುತ್ತದೆ, ಚಮಚವೂ ಇರುತ್ತದೆ. ಮುಚ್ಚಲಿಕ್ಕೆ ಒಂದು ತಟ್ಟೆ ಮಾತ್ರ ಕೇಳಿ ಪಡೆಯಿರಿ.